ನಮ್ಮ ಫಿರ್ಯಾದನ್ನು ನಾವೇ ಬರೆಯಬಾರದೇಕೆ?

ನ್ಯಾಯಾಸ್ಥಾನದ ಬಾಗಿಲಿಗೆ ವಕೀಲರ ಮನೆಯ ಮುಖಾಂತರವಲ್ಲದೆ ಬೇರೆ ದಾರಿಯಿಲ್ಲವೆಂಬ ಭಾವನೆಯು ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಇದರ ಪರಿಣಾಮವೇನು? ಕೆಟ್ಟ ಬೀಜವನ್ನು ಕೊಂಡು ಬೆಳೆ ಕಳೆದುಕೊಂಡ ರೈತನೂ, ಕೊಟ್ಟ ಹಣಕ್ಕೆ ತಕ್ಕ ಸರಕು ಕಾಣದ ಗಿರಾಕಿಯೂ, ಬರತಕ್ಕ ಹಣಕ್ಕಿಂತ ಹೋಗತಕ್ಕ ವೆಚ್ಚವೇ ಹೆಚ್ಚೆಂದು ಎಣಿಸಿ ಸುಮ್ಮನಾಗುತ್ತಾರೆ. ಹೀಗೆ ಬಡವನು ಬಿಟ್ಟುಕೊಟ್ಟ ಹಕ್ಕೇ ಅನ್ಯಾಯಗಾರನ ಬಂಡವಾಳವಾಗುತ್ತದೆ.

ಆದರೆ ಕಾಯದೆಯು ಹಾಗೆ ಹೇಳುವದಿಲ್ಲ. 1908ರ ದಿವಾಣಿ ಸಂಹಿತೆಯ 3ನೆಯ ಆದೇಶದ ಮೇರೆಗೆ ಪಕ್ಷಗಾರನು ತಾನೇ ಹಾಜರಾಗಿ ತನ್ನ ಕೆಲಸವನ್ನು ನಡೆಸಬಹುದು. 2019ರ ಗ್ರಾಹಕ ಸಂರಕ್ಷಣೆಯ ಕಾಯದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಫಿರ್ಯಾದು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಕುಟುಂಬ ನ್ಯಾಯಾಲಯಗಳಲ್ಲಂತೂ, 1984ರ ಕಾಯದೆಯ ಮೇರೆಗೆ, ವಕೀಲರನ್ನು ಇಡುವದು ಪಕ್ಷಗಾರರ ಹಕ್ಕೇ ಅಲ್ಲ.

ಹಾಗಾದರೆ ಬರೆಯುವದು ಹೇಗೆ? ದಾವೆಯ ಅರ್ಜಿಯೆಂಬುದು ಅಳಲಿನ ಪುರಾಣವಲ್ಲ. ಯಾವ ನ್ಯಾಯಾಲಯ, ಯಾರು ಯಾರ ಮೇಲೆ, ಏನು ನಡೆಯಿತು, ಎಂದು ನಡೆಯಿತು, ದಾವೆಯ ಬೆಲೆ ಎಷ್ಟು, ಬೇಡುವದೇನು ಎಂಬಿವು ಮುಖ್ಯ ಸಂಗತಿಗಳು. ಇವುಗಳನ್ನು ಅಂಕಿಯಿಟ್ಟ ಚಿಕ್ಕ ಚಿಕ್ಕ ಪರಿಚ್ಛೇದಗಳಲ್ಲಿ ಬರೆದು, ಕೊನೆಗೆ ಸತ್ಯವೆಂದು ದೃಢೀಕರಿಸಬೇಕು. ರಸೀದಿ, ಪತ್ರ, ಕರಾರುಗಳ ಪ್ರತಿಗಳನ್ನು ಲಗತ್ತಿಸಬೇಕು. ಎಲ್ಲಕ್ಕೂ ಮಿಗಿಲಾಗಿ ಕಾಲವನ್ನು ಕಾಯಬೇಕು. ಗ್ರಾಹಕರ ಫಿರ್ಯಾದಿಗೆ ಎರಡು ವರುಷ, ಸಾಮಾನ್ಯವಾದ ಕೈಗಡದ ದಾವೆಗೆ ಮೂರು ವರುಷ ಅವಧಿಯುಂಟು. ಪ್ರತಿವಾದಿಯಾದವನು ಸಮನ್ಸು ಮುಟ್ಟಿದ 30 ದಿನಗಳೊಳಗೆ ತನ್ನ ಕೈಫಿಯತ್ತನ್ನು ಕೊಡಬೇಕು. ಸತ್ಯವು ನಮ್ಮ ಕಡೆಗಿದ್ದರೂ ತಾರೀಖು ತಪ್ಪಿದರೆ ಅದು ನಮ್ಮನ್ನು ಕಾಯಲಾರದು.

ವಕೀಲರನ್ನು ತೆಗಳುವದು ನಮ್ಮ ಉದ್ದೇಶವಲ್ಲ. ಜೀವದ, ಸ್ವಾತಂತ್ರ್ಯದ ಪ್ರಶ್ನೆಯಿರುವ ಫೌಜದಾರಿ ಮೊಕದ್ದಮೆಯಲ್ಲಿಯೂ, ಹಲವು ತಲೆಮಾರುಗಳ ಹಕ್ಕು ತೊಡಕಿಕೊಂಡ ಭೂಮಿಯ ವ್ಯಾಜ್ಯದಲ್ಲಿಯೂ ಬಲ್ಲವರ ನೆರವನ್ನು ನಿರಾಕರಿಸುವದು ಧೈರ್ಯವಲ್ಲ, ಅವಿವೇಕ. ಹಣವಿಲ್ಲವೆಂದು ಅಲ್ಲಿಯೂ ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯದೆಯು ಸ್ತ್ರೀಯರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಲ್ಪ ಆದಾಯದವರಿಗೂ ಉಚಿತ ವಕೀಲರನ್ನು ಒದಗಿಸಲು ಏರ್ಪಾಡು ಮಾಡಿದೆ.

ಇನ್ನು ಮುಖ್ಯವಾದ ಮಾತು ಭಾಷೆಯದು. ನಿಜಾಮರ ಆಳಿಕೆಯಲ್ಲಿ ರಾಯಚೂರಿನ ಕನ್ನಡಿಗನು ತನ್ನ ನೆಲದ ವ್ಯಾಜ್ಯವನ್ನು ಉರ್ದುವಿನಲ್ಲಿ ನಡೆಯಿಸಬೇಕಾಗಿತ್ತು. 1956ರಲ್ಲಿ ನಾಡು ಒಂದಾಯಿತು. ಆದರೆ ಸಂವಿಧಾನದ 348ನೆಯ ವಿಧಿಯ ಮೇರೆಗೆ ಉಚ್ಚ ನ್ಯಾಯಾಲಯದ ಭಾಷೆಯು ಇಂಗ್ಲಿಷಾಗಿಯೇ ಉಳಿದಿದೆ. ಅದೇ ವಿಧಿಯು, ರಾಷ್ಟ್ರಪತಿಗಳ ಪೂರ್ವಸಮ್ಮತಿಯಿಂದ, ಅಲ್ಲಿಯ ನಡವಳಿಗಳಲ್ಲಿ ರಾಜ್ಯದ ಭಾಷೆಯನ್ನು ಬಳಸಲು ರಾಜ್ಯಪಾಲರಿಗೆ ಅಧಿಕಾರ ಕೊಟ್ಟಿದೆಯಲ್ಲವೆ? ತನಗೆ ತಿಳಿಯದ ನುಡಿಯ ಕಾಗದಕ್ಕೆ ಸಹಿ ಹಾಕುವವನು ತನ್ನ ದಾವೆಯಲ್ಲಿಯೇ ಪರಕೀಯನು.

ಆದುದರಿಂದ ನಮ್ಮ ವಾಚನಾಲಯಗಳಲ್ಲಿ ಕಾಯದೆಗಳ ಕನ್ನಡ ಪ್ರತಿಗಳಿರಲಿ. ಊರಿನ ಓದುಬಲ್ಲ ತರುಣರು ಅರ್ಜಿಯ ಮಾದರಿಗಳನ್ನು ಜನರಿಗೆ ತಿಳಿಯಹೇಳಲಿ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡಕ್ಕಿರುವ ಎಡೆಯನ್ನು ನಾವು ತುಂಬಿ ಬಳಸೋಣ. ಬಳಸದ ಹಕ್ಕು ಬರಿಯ ಕಾಗದದ ಹಕ್ಕು. ಸಣ್ಣ ವ್ಯಾಜ್ಯದಲ್ಲಿ ತನ್ನ ಮಾತನ್ನು ತಾನೇ ಬರೆದು ಹೇಳಲು ಕಲಿತ ಪ್ರಜೆಯು ದೊಡ್ಡ ಅನ್ಯಾಯದ ಎದುರಿಗೂ ಮೂಕನಾಗಿ ನಿಲ್ಲಲಾರನು.