ಮರಳುಗುಂಡಿಯ ತನಕ ಬಾರದ ಹೆಣ್ಣುಮಕ್ಕಳು

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಜರಗಿದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ ಮಹಿಳೆಯರ ತ್ರಿವಿಧ ಜಿಗಿತದಲ್ಲಿ ಕ್ಯೂಬಾದ ಲೆಯಾನಿಸ್ ಪೆರೆಝ್ 14.94 ಮೀಟರ್ ಜಿಗಿದು ಚಿನ್ನ ಗೆದ್ದರು. ಡೊಮಿನಿಕಾದ ಥಿಯಾ ಲಾಫಾಂಡ್ 14.89 ಮೀಟರ್‌ನೊಂದಿಗೆ ಬೆಳ್ಳಿಯನ್ನೂ ವೆನೆಝುವೆಲಾದ ಯುಲಿಮಾರ್ ರೋಹಾಸ್ 14.76 ಮೀಟರ್‌ನೊಂದಿಗೆ ಕಂಚನ್ನೂ ಪಡೆದರು. ಅದೇ ವಾರ ನಮ್ಮ ದೇಶವು ಏಷ್ಯಾ ಕಪ್ ಕ್ರಿಕೆಟ್‌ನಲ್ಲಿ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಕೈಕುಲುಕಲಿಲ್ಲ ಎಂಬ ಮಹಾಚರ್ಚೆಯಲ್ಲಿ ಮುಳುಗಿಹೋಗಿತ್ತು. ಆದ್ದರಿಂದ ಈ ಮೂವರು ಮಹಿಳೆಯರ ಸುದ್ದಿ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬೀಳದಿದ್ದುದರಲ್ಲಿ ಅಚ್ಚರಿಯಿಲ್ಲ.

ಆದರೆ ಈ ಸುದ್ದಿಯಲ್ಲಿ ನಮ್ಮ ಸಮುದಾಯ ಗಮನಿಸಬೇಕಾದ ಸಂಗತಿಯಿದೆ. ಡೊಮಿನಿಕಾದ ಜನಸಂಖ್ಯೆ ಸುಮಾರು 70 ಸಾವಿರ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲೂಕುಗಳ ಪೈಕಿ ಯಾವುದನ್ನು ತೆಗೆದುಕೊಂಡರೂ ಅದು ಆ ದೇಶಕ್ಕಿಂತ ದೊಡ್ಡದು. ಬಾಲ್ಯದಲ್ಲೇ ಹೆತ್ತವರೊಂದಿಗೆ ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿ ಶಾಲಾ ಶಿಕ್ಷಕಿಯಾಗಿ ದುಡಿದ ಲಾಫಾಂಡ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 15.02 ಮೀಟರ್ ಜಿಗಿದು ತನ್ನ ತಾಯ್ನಾಡಿಗೆ ಮೊತ್ತಮೊದಲ ಒಲಿಂಪಿಕ್ ಪದಕವನ್ನು ತಂದುಕೊಟ್ಟರು. ಅದೂ ಚಿನ್ನ!

ತ್ರಿವಿಧ ಜಿಗಿತದ ಇತಿಹಾಸವೂ ಕುತೂಹಲಕರ. 1896ರ ಅಥೆನ್ಸ್‌ನ ಪ್ರಥಮ ಆಧುನಿಕ ಒಲಿಂಪಿಕ್ಸ್‌ನಲ್ಲಿ ಮೊದಲ ವಿಜೇತನೆನಿಸಿದವನು ಈ ಜಿಗಿತದ ಜೇಮ್ಸ್ ಕೊನೊಲಿ. ಮಹಿಳೆಯರಿಗೆ ಇದೇ ಸ್ಪರ್ಧೆಯ ಬಾಗಿಲು ತೆರೆದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಸರಿಯಾಗಿ ನೂರು ವರ್ಷಗಳ ಅಂತರ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕೂ ಮೂರು ವರ್ಷ ಮೊದಲು, 1993ರ ಸ್ಟುಟ್‌ಗಾರ್ಟ್‌ನಲ್ಲಿ ಅವಕಾಶ ಸಿಕ್ಕಿತ್ತು. ಓಡಿ ಬಂದು ಹಲಗೆಯ ಮೇಲೆ ಒಂದೇ ಕಾಲಿನಿಂದ ಚಿಮ್ಮಿ, ಅದೇ ಕಾಲಿನ ಮೇಲೆ ಇಳಿದು, ಇನ್ನೊಂದು ಕಾಲಿನಿಂದ ಹೆಜ್ಜೆ ಹಾಕಿ ಮರಳಿಗೆ ಹಾರುವ ಈ ಕ್ರೀಡೆಯ ಹೊಡೆತ ಸ್ತ್ರೀದೇಹಕ್ಕೆ, ವಿಶೇಷವಾಗಿ ಗರ್ಭಕೋಶಕ್ಕೆ ಹಾನಿಕರ ಎಂಬ ವಾದ ಪಾಶ್ಚಾತ್ಯ ಕ್ರೀಡಾಲೋಕದಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. 1928ರಲ್ಲಿ ಮಹಿಳೆಯರ 800 ಮೀಟರ್ ಓಟವನ್ನು ನಡೆಸಿ, ಆಮೇಲೆ 1960ರ ತನಕ ಒಲಿಂಪಿಕ್ಸ್‌ನಿಂದ ಹೊರಗಿಟ್ಟವರೂ ಅವರೇ. ಮುಸ್ಲಿಮ್ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಹಗಲಿರುಳು ಕಣ್ಣೀರು ಸುರಿಸುವವರು ಈ ಭಾಗವನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಆ ಬಾಗಿಲನ್ನು ಮುಚ್ಚಿದ್ದು ಯಾವ ಮೌಲವಿಯೂ ಅಲ್ಲ.

ಹಾಗೆಂದು ನಾವು ಈ ಉತ್ತರದಲ್ಲೇ ತೃಪ್ತರಾಗುವಂತಿಲ್ಲ. ಗಂಜಾಮಿನ ಓಣಿಯಲ್ಲಾಗಲಿ, ಕೆ.ಆರ್. ಪೇಟೆಯ ಬೀದಿಯಲ್ಲಾಗಲಿ ನಮ್ಮ ಪುಟ್ಟ ಹುಡುಗಿಯರು ಕುಂಟೆಬಿಲ್ಲೆ ಆಡುವುದನ್ನು ನೋಡಿ. ಒಂಟಿ ಕಾಲಲ್ಲಿ ಕುಪ್ಪಳಿಸಿ, ಕಾಲೂರಿ, ಹಾರಿ ಮನೆ ದಾಟುವ ಆ ಆಟ ತ್ರಿವಿಧ ಜಿಗಿತದ ತಂಗಿಯೇ. ಏಳನೆಯ ತರಗತಿಯ ತನಕ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಅವರಿಗೂ ಬಹುಮಾನದ ಲೋಟ, ತಟ್ಟೆಗಳು ಬರುತ್ತವೆ. ಎಂಟನೆಯ ತರಗತಿಗೆ ಬಂದೊಡನೆ ಅವರು ಮೈದಾನದಿಂದ ಕಾಣೆಯಾಗುತ್ತಾರೆ. ಯಾರೂ ಫತ್ವಾ ಹೊರಡಿಸುವುದಿಲ್ಲ, ಯಾರೂ ಗದರಿಸುವುದೂ ಇಲ್ಲ. 'ಇನ್ನು ಸಾಕು, ದೊಡ್ಡವಳಾದಳು' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಇದಕ್ಕೆ ಧರ್ಮದ ಹೆಸರು ಕೊಡುವವರು ಹದೀಸ್ ಗ್ರಂಥಗಳಲ್ಲಿರುವ ಪ್ರಸಿದ್ಧ ಘಟನೆಯನ್ನು ನೆನಪಿಸಿಕೊಳ್ಳಬೇಕು. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಸಂಗಡಿಗರನ್ನು ಮುಂದೆ ಸಾಗಲು ಹೇಳಿ, ಪತ್ನಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಆಯಿಶಾ(ರ) ಗೆದ್ದರು. ವರ್ಷಗಳ ಬಳಿಕ ಇನ್ನೊಂದು ಪ್ರಯಾಣದಲ್ಲಿ, ಆಯಿಶಾರ(ರ) ಮೈ ತುಂಬಿಕೊಂಡಿದ್ದಾಗ, ಪ್ರವಾದಿಯವರು(ಸ) ಗೆದ್ದು, ನಗುತ್ತಾ ಹಿಂದಿನ ಸೋಲಿಗೆ ಇದು ಸರಿಯಾಯಿತೆಂದರು. ಮದ್ರಸಾಗಳಲ್ಲಿ ಇದನ್ನು ದಾಂಪತ್ಯದ ಸೌಹಾರ್ದಕ್ಕೆ ಉದಾಹರಣೆಯಾಗಿ ಕಲಿಸುತ್ತಾರೆ, ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಸಂಗಡಿಗರನ್ನು ಮುಂದೆ ಕಳುಹಿಸಲಾಗಿತ್ತು. ಎಂದರೆ ಅಲ್ಲಿ ಮರೆಯೂ ಇತ್ತು, ಓಟವೂ ಇತ್ತು. ನಾವಾದರೋ ಮರೆಯನ್ನು ಮಾತ್ರ ಉಳಿಸಿಕೊಂಡು ಓಟವನ್ನು ಕೈಬಿಟ್ಟಿದ್ದೇವೆ.

ಉಡುಪಿನ ವಿಷಯದಲ್ಲಿ ಹೆತ್ತವರಿಗಿರುವ ಅಳುಕನ್ನು ನಾವು ಅಲ್ಲಗಳೆಯುವುದಿಲ್ಲ. ಕ್ರೀಡಾಳುವಿನ ಮೈಯನ್ನು ಮಾರುಕಟ್ಟೆಯ ಸರಕಾಗಿಸುವ ಕ್ಯಾಮರಾಗಳ ಬಗ್ಗೆ ನಮಗೂ ತಕರಾರಿದೆ. ಆದರೆ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್‌ನ ನಿಯಮ ಕೇಳುವುದಿಷ್ಟೆ: ಉಡುಪು ಶುಚಿಯಾಗಿರಬೇಕು, ಆಕ್ಷೇಪಾರ್ಹವಾಗಿರಬಾರದು, ಒದ್ದೆಯಾದಾಗಲೂ ಪಾರದರ್ಶಕವಾಗಬಾರದು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಬಹ್ರೈನ್‌ನ ರುಕಯ್ಯಾ ಅಲ್ ಗಸ್ರಾ ಹಿಜಾಬ್ ಧರಿಸಿ 200 ಮೀಟರ್ ಓಟದಲ್ಲಿ ಚಿನ್ನ ಗೆದ್ದದ್ದು ಅಂಥ ಮೈದಾನದಲ್ಲೇ. ಇನ್ನು ತ್ರಿವಿಧ ಜಿಗಿತದಲ್ಲೇ ಅಲ್ಜೀರಿಯಾದ ಬಾಯಾ ರಹೂಲಿ 2005ರಲ್ಲಿ 14.98 ಮೀಟರ್ ತಲುಪಿದ್ದರು. ಟೋಕಿಯೋದ ಚಿನ್ನಕ್ಕಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು.

ವಿಪರ್ಯಾಸವೆಂದರೆ, ತಲೆವಸ್ತ್ರ ಧರಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಿಗಿಯಲು ಅಡ್ಡಿಯಿಲ್ಲದ ಹುಡುಗಿ 2022ರಲ್ಲಿ ಕರ್ನಾಟಕದ ತರಗತಿಯೊಳಗೆ ಕೂರುವಂತಿರಲಿಲ್ಲ. ಆ ವರ್ಷದ ಫೆಬ್ರವರಿ 5ರ ಸರಕಾರಿ ಆದೇಶ, ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಕೇಸರಿ ಶಾಲಿನ ಗುಂಪು ಒಬ್ಬಳೇ ವಿದ್ಯಾರ್ಥಿನಿಯನ್ನು ಸುತ್ತುವರಿದು ಘೋಷಣೆ ಕೂಗಿದ ದೃಶ್ಯ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟ್‌ನ ಭಿನ್ನ ತೀರ್ಪು - ಇವೆಲ್ಲ ಜಿಲ್ಲೆಯ ಹೆತ್ತವರ ಮನಸ್ಸಿನಲ್ಲಿ ಮಾಸಿಲ್ಲ. ತರಗತಿಯ ಬಾಗಿಲಲ್ಲೇ ತಡೆಯುವುದಾದರೆ ಮೈದಾನದ ಮಾತೇಕೆ ಎಂದು ಅವರು ಕೇಳಿದರೆ ಏನು ಉತ್ತರಿಸುವುದು? ಹೆಣ್ಣುಮಕ್ಕಳ ವಿಮೋಚನೆಯ ಹೆಸರಿನಲ್ಲಿ ಬೊಬ್ಬಿಟ್ಟವರು ಮನೆಯ ಬಾಗಿಲು ಮುಚ್ಚುವವರ ಕೈಯನ್ನೇ ಬಲಪಡಿಸಿದರು.

2024ರ ಸೆಪ್ಟೆಂಬರ್ 11ರಂದು ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ನಾಗಮಂಗಲದಲ್ಲಿ ಕಲ್ಲು ತೂರಾಟ ನಡೆದು ಅಂಗಡಿಗಳು, ವಾಹನಗಳು ಬೆಂಕಿಗಾಹುತಿಯಾದವು. ಇಂಥ ನಷ್ಟಗಳ ಪಟ್ಟಿಯಲ್ಲಿ ಅಂಗಡಿಗಳಿಗೆ ಜಾಗವಿದೆ. ಆದರೆ ಸೆಪ್ಟೆಂಬರ್ ಎಂದರೆ ಶಾಲಾ ಕ್ರೀಡಾಕೂಟಗಳ ಕಾಲ. ಊರಿಗೆ ಬೆಂಕಿ ಬಿದ್ದಾಗ ಮಗಳನ್ನು ಬಸ್ಸು ಹತ್ತಿಸಿ ಇನ್ನೊಂದೂರಿನ ಮೈದಾನಕ್ಕೆ ಕಳುಹಿಸುವ ತಾಯಿ ಯಾರು? ಆ ನಷ್ಟವನ್ನು ಯಾವ ಮಹಜರಿನಲ್ಲೂ ಬರೆಯುವುದಿಲ್ಲ. ಹಿಂದೂ ಆಗಲಿ ಮುಸ್ಲಿಮ್ ಆಗಲಿ, ಇಂಥ ದಿನಗಳಲ್ಲಿ ಮೊದಲು ಮನೆಯೊಳಗೆ ಸೇರುವವಳು ಹುಡುಗಿಯೇ.

ಎಲ್ಲ ಅಡ್ಡಿಗಳನ್ನು ದಾಟಿ ಬಂದವರಿಗೂ ದಾರಿ ತೋರುವವರು ಬೇಕು. ನಮ್ಮ ರಾಜ್ಯದ ಐಶ್ವರ್ಯಾ ಬಾಬು 2022ರ ಜೂನ್‌ನಲ್ಲಿ ಚೆನ್ನೈಯಲ್ಲಿ 14.14 ಮೀಟರ್ ಜಿಗಿದಾಗ, ಅದು ಮಯೂಖಾ ಜಾನಿ 2011ರಲ್ಲಿ ಜಪಾನಿನ ಕೋಬೆಯಲ್ಲಿ ಜಿಗಿದಿದ್ದ 14.11 ಮೀಟರ್‌ನ ರಾಷ್ಟ್ರೀಯ ದಾಖಲೆಗಿಂತ ಮುಂದಿತ್ತು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ಗೆ ಆಯ್ಕೆಯೂ ಆಗಿತ್ತು. ಆದರೆ ಉದ್ದೀಪನ ಪರೀಕ್ಷೆಯಲ್ಲಿ ಆಸ್ಟರಿನ್ ಎಂಬ ನಿಷೇಧಿತ ವಸ್ತು ಪತ್ತೆಯಾಗಿ, ನಾಲ್ಕು ವರ್ಷಗಳ ನಿಷೇಧ ಬಂತು. ಭುಜದ ನೋವಿಗೆಂದು ಪರಿಚಿತರು ಸೂಚಿಸಿದ ಗುಳಿಗೆ ನುಂಗಿದ್ದೆ ಎಂಬುದು ಆಕೆಯ ವಾದವಾಗಿತ್ತು. ನಿಯಮದ ಮುಂದೆ ಅದು ನಿಲ್ಲಲಿಲ್ಲ. ಇತ್ತ ವೆನೆಝುವೆಲಾದ ಬಡ ಮನೆಯ ರೋಹಾಸ್, ಕ್ಯೂಬಾದ ಮಾಜಿ ಜಿಗಿತಗಾರ ಇವಾನ್ ಪೆಡ್ರೊಸೊರನ್ನು ಫೇಸ್‌ಬುಕ್‌ನಲ್ಲಿ ಸಂಪರ್ಕಿಸಿ ಅವರಿಂದ ತರಬೇತಿ ಪಡೆದರು. 2022ರಲ್ಲಿ ಬೆಲ್‌ಗ್ರೇಡ್‌ನಲ್ಲಿ 15.74 ಮೀಟರ್ ಜಿಗಿದು ವಿಶ್ವದಾಖಲೆ ಬರೆದರು. ಫೇಸ್‌ಬುಕ್ ನಮ್ಮ ಮನೆಗಳಲ್ಲೂ ಇದೆ. ಅದರಲ್ಲಿ ನಾವೇನು ಹುಡುಕುತ್ತೇವೆ ಎಂಬುದನ್ನು ಹೇಳದಿರುವುದೇ ಲೇಸು.

ಈ ಕ್ರೀಡೆಗೆ ಆರಂಭದಲ್ಲಿ ಬೇಕಾದದ್ದಾದರೂ ಏನು? ಸುಮಾರು 40 ಮೀಟರ್ ಓಟದ ಪಥ, ಒಂದು ಹಲಗೆ, ಒಂದು ಮರಳುಗುಂಡಿ. ಕಾವೇರಿ, ಹೇಮಾವತಿ, ಲೋಕಪಾವನಿ ಹರಿಯುವ ಸೀಮೆಯಿದು. ಇಲ್ಲಿನ ಮರಳು ರಾತ್ರೋರಾತ್ರಿ ಲಾರಿ ಹತ್ತಿ ಬೆಂಗಳೂರಿನ ಮಹಡಿಗಳಿಗೆ ಹೋಯಿತು, ಶಾಲೆಯ ಗುಂಡಿಗೆ ಬರಲಿಲ್ಲ. ಮಹಿಳಾ ದೈಹಿಕ ಶಿಕ್ಷಕಿಯರನ್ನು ನೇಮಿಸುವುದು ಸರಕಾರದ ಹೊಣೆ. ಅದನ್ನು ನಾವು ಒತ್ತಾಯಿಸಲೇಬೇಕು. ಆದರೆ ನಾಲ್ಕು ತಾಲೂಕುಗಳ ಮಸೀದಿ ಸಮಿತಿಗಳಿಗೂ ಮುತವಲ್ಲಿಗಳಿಗೂ ಸಮುದಾಯದ ಶಾಲೆಗಳನ್ನು ನಡೆಸುವವರಿಗೂ ನಮ್ಮದೊಂದು ಕೋರಿಕೆಯಿದೆ. ಒಂದೇ ಒಂದು ವಲೀಮಾದ ಬಿರಿಯಾನಿಯ ಖರ್ಚಿನಲ್ಲಿ ಶಾಲೆಯ ಕಾಂಪೌಂಡಿನೊಳಗೆ ಹೆಣ್ಣುಮಕ್ಕಳಿಗಾಗಿ ಒಂದು ಗುಂಡಿ ತೋಡಿ, ಮರಳು ತುಂಬಿಸಬಹುದು. ಬೆಳಗ್ಗಿನ ಒಂದು ತಾಸು ಅವರಿಗೇ ಮೀಸಲಿರಲಿ. ಸಡಿಲ ಪೈಜಾಮ, ತಲೆವಸ್ತ್ರ ಧರಿಸಿಯೇ ಜಿಗಿಯಲಿ. ಹೋಬಳಿ ಮಟ್ಟದ ಕೂಟಗಳು ಆಗಸ್ಟ್‌ಗೆ ಶುರುವಾಗುತ್ತವೆ. ಮಳೆ ಹಿಡಿಯುವ ಮೊದಲೇ ಗುಂಡಿ ತೋಡಬೇಕು.