ಎರಡು ಪೈಯ ಬ್ಯಾಂಕು, ಬಡವರ ಆಸ್ಪತ್ರೆ

ಸಾಹುಕಾರರ ಗುಣಗಾನ ಮಾಡುವುದು ನಮ್ಮ ಪದ್ಧತಿಯಲ್ಲ. ಬಡ್ಡಿಯಲ್ಲಿ ಹತ್ತು ಮನೆ ನುಂಗಿ, ಮುಪ್ಪಿನಲ್ಲಿ ಒಂದು ಛತ್ರ ಕಟ್ಟಿಸಿ, ಗೋಡೆಯ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಧರ್ಮಾತ್ಮರನ್ನು ನಾವೂ ಬಲ್ಲೆವು, ಓದುಗರೂ ಬಲ್ಲರು. ಆದರೂ ಈ ವಾರ ಒಬ್ಬ ಸಾಹುಕಾರರ ಮಾತನ್ನೇ ಎತ್ತಬೇಕಾಗಿದೆ. ಅವರು ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

ವ್ಯಾಪಾರಸ್ಥರ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಸಾಹೇಬರು 1935ರಲ್ಲಿ ತೀರಿಕೊಂಡರು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಬ್ಯಾಂಕು ತೆರೆದಾಗ ಅವರಿನ್ನೂ ಹರೆಯದವರು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂದು ಅದರ ಹೆಸರು. ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಪೆಟ್ಟಿಗೆಯಲ್ಲಿದ್ದುದು 38 ರೂಪಾಯಿ, 13 ಆಣೆ, 2 ಪೈ!

ಆ ಎರಡು ಪೈಗಳನ್ನು ನೋಡಿ ನಗಬೇಡಿ. ಅಂಗಡಿಕಾರನ ಚಿಲ್ಲರೆಯನ್ನೂ ಲೆಕ್ಕಕ್ಕೆ ಹಿಡಿದ ಬ್ಯಾಂಕು ಅದು. ಸಾಹೇಬರು ಆಗ ಹೊರಡಿಸಿದ ಮನವಿಯಲ್ಲಿ, ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದೇ ಉದ್ದೇಶವೆಂದರು. ಇದೇ ಸ್ವದೇಶಿ ಎಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಎಂಬ ದೊರೆಗಳ ದೊಡ್ಡ ಕಂಪೆನಿ ದಿವಾಳಿಯೆದ್ದು ಸಾವಿರಾರು ಸಣ್ಣ ಜನರ ದುಡ್ಡು ಮುಳುಗಿತು. ಉಡುಪಿಯ ಬ್ಯಾಂಕು ಉಳಿಯಿತು, ಬೆಳೆಯಿತು.

ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಸಾಲದಾದಾಗ ಈ ಸಾಹೇಬರೇ ಎಣ್ಣೆ ಕಳಿಸಿದರೆಂದು ಉಡುಪಿಯ ಹಿರಿಯರು ಹೇಳುತ್ತಾರೆ. ಜನರನ್ನು ಮತದ ಹೆಸರಿನಲ್ಲಿ ಒಡೆಯುವವರು ಈ ಮಾತನ್ನು ಒಂದು ಸಲ ಕೇಳಲಿ.

ಇವರು ದಾನವಾಗಿ ಕೊಟ್ಟ ಜಾಗದಲ್ಲೇ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ನಿಂತಿತು. ಕಾಸಿಲ್ಲದ ಎಷ್ಟೋ ತಾಯಂದಿರ ಹೆರಿಗೆ ಅಲ್ಲಿ ಆಯಿತು.

ಇಷ್ಟೇ ಆಗಿದ್ದರೆ ಕೈಮುಗಿದು ಲೇಖನ ಮುಗಿಸಬಹುದಿತ್ತು. ಮುಂದೇನಾಯಿತು?

ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 1980ರಲ್ಲಿ ರಾಷ್ಟ್ರೀಕರಣವಾಯಿತು. ಇದನ್ನು ನಾವು ಮೆಚ್ಚುತ್ತೇವೆ. ಜನರ ದುಡ್ಡು ಜನರ ಸರಕಾರದ ಕೈಯಲ್ಲಿರುವುದೇ ನ್ಯಾಯ. ಆದರೆ 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರೇ ಅಳಿಯಿತು. ತೀರ್ಮಾನ ದಿಲ್ಲಿಯದು. ಉಡುಪಿಯ ಠೇವಣಿದಾರನನ್ನು ಕೇಳಿದವರು ಯಾರು?

ಆಸ್ಪತ್ರೆಯ ಕಥೆ ಇನ್ನೂ ಕಹಿ. 2016ರಲ್ಲಿ ಸರಕಾರ ಆ ಜಾಗವನ್ನು ಒಂದು ಖಾಸಗಿ ಸಂಸ್ಥೆಗೆ ಒಪ್ಪಿಸಲು ಒಪ್ಪಂದ ಮಾಡಿಕೊಂಡಿತು. ಬಡವರಿಗೆ ಉಚಿತ ಆಸ್ಪತ್ರೆ, ಜೊತೆಗೆ ಲಾಭದ ಇನ್ನೊಂದು ಆಸ್ಪತ್ರೆ, ಇದು ಕರಾರು. ಊರಿನ ಜನ ವಿರೋಧಿಸಿದರು, ಸರಕಾರ ಕಿವಿಗೊಡಲಿಲ್ಲ. 2017ರಲ್ಲಿ ಹೊಸ ಕಟ್ಟಡ ತೆರೆಯಿತು. ಕೆಲವೇ ವರ್ಷಗಳಲ್ಲಿ ಸಿಬ್ಬಂದಿಗೆ ಸಂಬಳ ನಿಂತು, ಅವರು ಬೀದಿಯಲ್ಲಿ ಕೂರಬೇಕಾಯಿತು. ಕಡೆಗೆ 2022ರಲ್ಲಿ ಸರಕಾರವೇ ಅದನ್ನು ಮರಳಿ ವಹಿಸಿಕೊಂಡಿತು. ಧಣಿಯ ಕೈ ಸೋತ ದಿನ ದಾದಿಯ ಸಂಬಳವೂ ನಿಲ್ಲುವುದಾದರೆ, ಬಾಣಂತಿಯ ಗತಿಯೇನು?

ದಾನದಿಂದ ಸಮಾಜವಾದ ಬರುತ್ತದೆಂದು ನಾವು ಹೇಳುವುದಿಲ್ಲ. ಒಬ್ಬ ಒಳ್ಳೆಯ ಸಾಹುಕಾರನಿಗಾಗಿ ಬಡವರು ನೂರು ವರ್ಷ ಕಾಯಬೇಕಾದ ವ್ಯವಸ್ಥೆ ನ್ಯಾಯದ ವ್ಯವಸ್ಥೆಯಲ್ಲ. ಆದರೆ ಒಮ್ಮೆ ಕೊಟ್ಟದ್ದು ಕೊಟ್ಟವನದಲ್ಲ, ಮಂತ್ರಿಯದೂ ಅಲ್ಲ, ಅದು ಊರಿನದು. ಕಾಯುವ ಕೆಲಸ ಊರಿನವರದು.

ಗಿರಣಿಯ ಗೆಳೆಯರೆ, ಪೇಟೆಯ ಅಂಗಡಿಕಾರರೆ! ನಮ್ಮೂರಿನಲ್ಲೂ ಯಾರೋ ಪುಣ್ಯಾತ್ಮರು ಬಿಟ್ಟುಹೋದ ಶಾಲೆಯ ಮೈದಾನ, ಬಾವಿ, ಆಸ್ಪತ್ರೆಯ ಜಾಗ ಇವೆ. ಅವುಗಳ ಕಾಗದಪತ್ರ ಯಾರ ಹೆಸರಿನಲ್ಲಿವೆ? ಮುಂದಿನ ಪುರಸಭೆಯ ಸಭೆಗೆ ಹತ್ತು ಜನ ಸೇರಿ ಹೋಗಿ ಕೇಳಿ. ಹಾಜಿ ಸಾಹೇಬರ ಪಟಕ್ಕೆ ಹಾರ ಹಾಕುವುದಕ್ಕಿಂತ ಇದೇ ಅವರಿಗೆ ಸಲ್ಲುವ ಗೌರವ.