ಮೇಜಿನ ಮೇಲಿನ ಟ್ರ್ಯಾಕ್ಟರು

ಪ್ರಾಯ ಸಂದ ರೈತನೊಬ್ಬನು ಗೇಣುದ್ದದ ಟ್ರ್ಯಾಕ್ಟರೊಂದನ್ನು ಮೇಜಿನ ಮೇಲಿರಿಸಿಕೊಂಡು, ಅದರ ಚಕ್ರಗಳಿಗೆ ಸಣ್ಣ ಕುಂಚದಿಂದ ಬಣ್ಣ ಬಳಿಯುತ್ತಿದ್ದರೆ ನೋಡಿದವರಿಗೆ ನಗು ಬರುವುದು ಸಹಜ. ಆಟಿಕೆ ಮಕ್ಕಳ ಸೊತ್ತು, ದೊಡ್ಡವರಿಗೆ ಅದರಲ್ಲೇನು ಕೆಲಸ ಎಂದು ನಾವು ಕೇಳುತ್ತೇವೆ. ಈ ನಗು ಅವಸರದ ನಗುವೆಂದು ನನ್ನ ಅಭಿಪ್ರಾಯ. ಅಳತೆ ತಪ್ಪದಂತೆ ಕಿರಿದಾಗಿಸಿ ಮಾಡಿದ ಯಂತ್ರದ ಪ್ರತಿರೂಪವು ನೋಟಕ್ಕೆ ಆಟಿಕೆಯಾದರೂ ಒಂದು ಬಗೆಯ ದಾಖಲೆಯೇ ಸರಿ.

ಈ ಹವ್ಯಾಸವು ಆಳವಾಗಿ ಬೇರೂರಿರುವ ನೆಲಗಳಲ್ಲಿ ಅಮೆರಿಕದ ಅಯೋವಾ ರಾಜ್ಯವೂ ಒಂದು. ಅದು ಮೆಕ್ಕೆಜೋಳದ ಸೀಮೆ. ಅಲ್ಲಿನ ಡುಬ್ಯೂಕ್ ಎಂಬ ಊರಿನಲ್ಲಿ, ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಫ್ರೆಡ್ ಅರ್ಟ್ಲ್ ಎಂಬ ಎರಕದ ಕೆಲಸಗಾರನು ತನ್ನ ಮನೆಯಲ್ಲಿಯೇ ಪುಟ್ಟ ಟ್ರ್ಯಾಕ್ಟರುಗಳನ್ನು ಎರಕ ಹೊಯ್ಯತೊಡಗಿದನು. ಯುದ್ಧಾನಂತರ ಬೇಡವಾಗಿ ಉಳಿದಿದ್ದ ವಿಮಾನಗಳ ಅಲ್ಯೂಮಿನಿಯಂ ಪಿಸ್ಟನ್ನುಗಳೇ ಅವನ ಕಚ್ಚಾ ಸಾಮಗ್ರಿ. ಅವನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವುದು, ಆಮೇಲೆ ಮನೆಮಂದಿಯೆಲ್ಲ ಕುಳಿತು ಜೋಡಿಸಿ ಬಣ್ಣ ಹಚ್ಚುವುದು. ಬಾನಿನಲ್ಲಿ ಹಾರಬೇಕಾಗಿದ್ದ ಲೋಹವು ಹೀಗೆ ನೆಲ ಉಳುವ ಯಂತ್ರದ ರೂಪ ತಾಳಿ ಮಕ್ಕಳ ಕೈಸೇರಿತು. 1959ರಲ್ಲಿ ಅವನ ಉದ್ಯಮವು ಸಮೀಪದ ಡೈಯರ್ಸ್‌ವಿಲ್ ಎಂಬ ಸಣ್ಣ ಪಟ್ಟಣಕ್ಕೆ ಹೋಯಿತು. ಕೃಷಿಯ ಆಟಿಕೆಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೊಂದು 1986ರಲ್ಲಿ ಆ ಪಟ್ಟಣದಲ್ಲಿಯೇ ತೆರೆಯಿತು. ನಿಜವಾದ ಟ್ರ್ಯಾಕ್ಟರು ಮಾರುವ ಅಂಗಡಿಗಳಲ್ಲಿಯೇ ಈ ಪುಟ್ಟವನ್ನೂ ಮಾರುತ್ತಿದ್ದರು. ತಂದೆ ದೊಡ್ಡದರ ಬೆಲೆ ವಿಚಾರಿಸುತ್ತಿದ್ದರೆ ಮಗನ ಕಣ್ಣು ಚಿಕ್ಕದರ ಮೇಲೆ!

ಅಮೆರಿಕದಲ್ಲಿ ಇಂತಹ ಮಾದರಿಗಳಿಗೆ ಬಹುವಾಗಿ ಬಳಸುವ ಪ್ರಮಾಣ 1:16. ಎಂದರೆ, ನಿಜವಾದ ಯಂತ್ರದ ಹದಿನಾರು ಅಂಗುಲ ಮಾದರಿಯಲ್ಲಿ ಒಂದು ಅಂಗುಲ. 144 ಸೆಂಟಿಮೀಟರು ಎತ್ತರದ ಹಿಂಬದಿಯ ಚಕ್ರ ಇಲ್ಲಿ 9 ಸೆಂಟಿಮೀಟರು. ಇಷ್ಟು ಲೆಕ್ಕ ಯಾರಿಗಾದರೂ ತಿಳಿಯುತ್ತದೆ. ಆದರೆ ಉದ್ದ, ಅಗಲ, ಎತ್ತರಗಳು ಮೂರೂ ಹದಿನಾರರಲ್ಲಿ ಒಂದು ಪಾಲಾದಾಗ ಗಾತ್ರವು 4096ರಲ್ಲಿ ಒಂದು ಪಾಲಾಗುತ್ತದೆ. ಎರಡು ಟನ್ ತೂಗುವ ಟ್ರ್ಯಾಕ್ಟರನ್ನು ಅದೇ ಲೋಹಗಳಲ್ಲಿ, ಅದೇ ಪ್ರಮಾಣದಲ್ಲಿ ಪಡಿಮೂಡಿಸಿದರೆ ಅದರ ತೂಕ ಅರ್ಧ ಕಿಲೋಗ್ರಾಮನ್ನೂ ಮುಟ್ಟದು. ಇನ್ನೊಂದು ತೊಡಕಿದೆ. ಎಂಜಿನ್ನಿನ ಮೇಲ್ಮುಚ್ಚಳದ ತಗಡು 1.6 ಮಿಲಿಮೀಟರು ದಪ್ಪವಿದ್ದರೆ ಮಾದರಿಯಲ್ಲಿ ಅದು ನೋಟುಪುಸ್ತಕದ ಹಾಳೆಯಷ್ಟು ತೆಳ್ಳಗಾಗಬೇಕು. ಹಾಗೆ ಮಾಡಿದರೆ ಬೆರಳು ಸೋಕಿದರೂ ತಗ್ಗು ಬಿದ್ದೀತು. ಆದ್ದರಿಂದ ಮಾದರಿಕಾರನು ಎಲ್ಲಿ ಅಳತೆಗೆ ಕಟ್ಟುಬೀಳಬೇಕು, ಎಲ್ಲಿ ಅದನ್ನು ಮೀರಬೇಕು ಎಂಬುದನ್ನು ತಾನೇ ನಿರ್ಧರಿಸಬೇಕಾಗುತ್ತದೆ. ಯಂತ್ರದ ಯಾವ ಭಾಗ ಯಾವ ಕೆಲಸಕ್ಕೆ ಎಂಬುದನ್ನು ಅರಿಯದವನಿಂದ ಈ ನಿರ್ಧಾರ ಸಾಧ್ಯವಿಲ್ಲ. ಪುಸ್ತಕದಲ್ಲಿ ಚಿತ್ರ ನೋಡುವುದಕ್ಕೂ ಮಾದರಿ ಕಟ್ಟುವುದಕ್ಕೂ ಇರುವ ಅಂತರ ಇದೇ.

ಹಳೆಯ ಆಟಿಕೆಗಳು ಹಾಳಾಗದೆ ಉಳಿದಿರುವುದು ವಿರಳ. ಮಕ್ಕಳು ಅವುಗಳಿಂದ ಅಂಗಳದ ಮರಳನ್ನು ನಿಜವಾಗಿಯೇ ಉತ್ತರಷ್ಟೆ! ಅದರಿಂದಾಗಿ ಪೆಟ್ಟಿಗೆಯಿಂದ ಹೊರತೆಗೆಯದ ಆಟಿಕೆಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಮೂಲದ ಬಣ್ಣ ಹೇಗಿತ್ತೆಂದು ತಿಳಿಯಲು ಅಂತಹ ಕೆಲವಾದರೂ ಇರಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ನನ್ನ ಆದರ ಹೆಚ್ಚಾಗಿ ಸಲ್ಲುವುದು, ಮುರಿದದ್ದನ್ನು ತಂದು, ಕಳೆದ ಚಕ್ರವನ್ನು ತಾನೇ ಕಡೆದು, ತನ್ನ ತಂದೆ ಓಡಿಸುತ್ತಿದ್ದ ಟ್ರ್ಯಾಕ್ಟರಿನಂತೆಯೇ ಅದನ್ನು ಅಣಿಗೊಳಿಸುವವನಿಗೆ. 1980ರ ದಶಕದಲ್ಲಿ ಸಾಲದ ಹೊರೆ ತಾಳಲಾರದೆ ಅಮೆರಿಕದ ಅನೇಕ ರೈತ ಕುಟುಂಬಗಳು ಹೊಲವನ್ನೂ ಯಂತ್ರಗಳನ್ನೂ ಕಳೆದುಕೊಂಡವು. ಅಂತಹ ಮನೆಯಲ್ಲಿ ಬೆಳೆದವನ ಮೇಜಿನ ಮೇಲಿರುವ ಟ್ರ್ಯಾಕ್ಟರು ಬರಿಯ ಅಲಂಕಾರವಾಗಿರಲಾರದು.

ನಮ್ಮ ಮಕ್ಕಳಿಗೂ ಈ ಕಲೆ ಹೊಸದಲ್ಲ. ಜೋಳದ ದಂಟಿನಿಂದ ಬಂಡಿ ಕಟ್ಟುವ ಹುಡುಗರನ್ನು ಬಯಲುಸೀಮೆಯ ಹಳ್ಳಿಗಳಲ್ಲಿ ಕಾಣಬಹುದು. ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಇವುಗಳಿಗೆ ಅಳತೆಯ ಹಂಗಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅಳತೆ ಹಿಡಿದು ಮಾದರಿ ಕಟ್ಟುವ ಮನಸ್ಸು ನಿಮ್ಮಲ್ಲಿ ಯಾರಿಗಾದರೂ ಬಂದರೆ, ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಟ್ರ್ಯಾಕ್ಟರಲ್ಲವೆಂದು ನನಗೆ ತೋರುತ್ತದೆ. ಟ್ರ್ಯಾಕ್ಟರಿನ ನಕ್ಷೆ ಕಾರ್ಖಾನೆಯಲ್ಲಿ ಭದ್ರವಾಗಿದೆ. ನಮ್ಮ ಕುಂಟೆ, ಕೂರಿಗೆಗಳ ನಕ್ಷೆ ಎಲ್ಲಿದೆ? ಅದು ಇದ್ದುದು ಊರ ಬಡಗಿಯ ಕಣ್ಣಳತೆಯಲ್ಲಿ. ಟ್ರ್ಯಾಕ್ಟರಿಗೆ ಹೂಡುವ ಬಿತ್ತನೆಯ ಯಂತ್ರ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕೂರಿಗೆ ಮೊದಲು ಅಟ್ಟವನ್ನೇರಿತು, ಅನಂತರ ಒಲೆಯನ್ನು ಸೇರಿತು. ನಮ್ಮ ಮನೆಯದೂ ಹಾಗೆಯೇ ಉರಿದುಹೋಯಿತು. ಅದರ ಸಾಲುಗಳ ನಡುವಿನ ಅಂತರವೆಷ್ಟೆಂದು ಈಗ ಹೇಳಬಲ್ಲವರು ಯಾರೂ ಉಳಿದಿಲ್ಲ.

ಕೆಲವು ವರುಷಗಳ ಹಿಂದೆ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಒಬ್ಬ ಹುಡುಗಿ 1:8ರ ಪ್ರಮಾಣದ ಕೂರಿಗೆಯೊಂದನ್ನು ತಂದಿರಿಸಿದ್ದಳು. ಅಟ್ಟದ ಮೇಲಿನ ಹಳೆಯ ಕೂರಿಗೆಯನ್ನು ಇಳಿಸಿ, ಅಜ್ಜನನ್ನು ಕೇಳಿ ಕೇಳಿ ಅಳೆದಳಂತೆ. ಮೇಲೆ ಬೀಜ ಹಾಕುವ ಮರದ ಬಟ್ಟಲು, ಅದರ ತೂತುಗಳಿಂದ ಕೆಳಗಿಳಿಯುವ ಕೊಳವೆಗಳು, ಈಸು, ನೊಗ, ಎಲ್ಲವೂ ಅಚ್ಚುಕಟ್ಟು. ಬಿತ್ತಿ ತೋರಿಸೆಂದು ನಾನು ಬಟ್ಟಲಿಗೆ ಜೋಳ ಹಾಕಹೋದೆ. ಅವಳು ನನ್ನ ಕೈ ತಡೆದಳು.

"ಜೋಳ ಬೇಡಿ ಸಾರ್, ಕೊಳವೆ ಕಟ್ಟಿಕೊಳ್ಳುತ್ತದೆ. ಕೂರಿಗೆಯನ್ನು ಎಂಟು ಪಾಲು ಚಿಕ್ಕದು ಮಾಡಿದೆ, ಕಾಳನ್ನು ಚಿಕ್ಕದು ಮಾಡಲಾಗಲಿಲ್ಲ" ಎಂದು ಹೇಳಿ, ಮಡಿಸಿದ ಕಾಗದದಿಂದ ಒಂದು ಚಿಟಿಕೆ ರಾಗಿ ತೆಗೆದು ಬಟ್ಟಲಿಗೆ ಬಿಟ್ಟಳು. ತಟ್ಟೆಯ ಮಣ್ಣಿನ ಮೇಲೆ ಮೂರು ಸಾಲುಗಳು ಮೂಡಿದವು.